ಮನೆಯವರು ಕೊಂಡರೆ ಅದು ಮುಯ್ಯಿ

ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇರಬಹುದು. ಆಫೀಸಿನ ಕೊನೇ ಕಾಲ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಟ್ಯಾಬ್ಲೆಟ್ ಎದುರು ಕೂತು ಚಿತ್ರ ಬರೆಯೋರು. ಹಾಲ್ ತುಂಬ ಫೋಮ್ ಶೀಟ್ ಹರಡಿಕೊಂಡು, ಗ್ಲೂ ಗನ್ ಹಿಡಿದು, ಯಾವುದೋ ಯೋಧನ ಕವಚ ಮಾಡೋರು. ಮನೆಯವರು ಅದನ್ನೆಲ್ಲ "ಅವಳದ್ದು ಅದೇನೋ ಇದೆ" ಅನ್ನೋ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಆ ಅದೇನೋಗೂ ವರ್ಷಕ್ಕೊಂದು ಜಾತ್ರೆ ಇದೆ. ಇಡೀ ಮನೆ ಅಲ್ಲಿಗೆ ಹೊರಟರೆ ಏನಾಗುತ್ತೆ ಅನ್ನೋದು ಈ ವಾರದ ವಿಷಯ.

ನಮ್ಮಲ್ಲಿ ಆ ಒಬ್ಬಳು ಅಕ್ಕನ ಮಗಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಡಿಸೈನರ್. ಎರಡು ವರ್ಷ ರಾತ್ರಿಗಳನ್ನ ಕೊಟ್ಟು ಒಂದು ಕನ್ನಡ ಕಾಮಿಕ್ ಮಾಡಿದಳು. ಕಥೆ ನಮಗೆಲ್ಲ ಗೊತ್ತಿರೋದೇ. ತೊಂಬತ್ತರ ದಶಕದಲ್ಲಿ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೀತಿದ್ದರಲ್ಲ, ರಾತ್ರಿ ಬಾಗಿಲು ತಟ್ಟೋ ದೆವ್ವ ಅದನ್ನ ಓದಿಕೊಂಡು ವಾಪಸ್ ಹೋಗಲಿ ಅಂತ, ಅದು. ಇವಳು ಅದನ್ನ ದೆವ್ವದ ಕಡೆಯಿಂದ ಹೇಳಿದ್ದಾಳೆ. ಪಾಪ, ದಿನಾ ಬರುತ್ತೆ. ದಿನಾ 'ನಾಳೆ ಬಾ' ಅನ್ನಿಸಿಕೊಂಡು ಹೋಗುತ್ತೆ, ಖಾತೆ ಬದಲಾವಣೆಗೆ ಕಚೇರಿ ಅಲೆಯೋರ ಥರ. ಕೊನೆ ಏನು ಅಂತ ನಾನು ಹೇಳಲ್ಲ, ಪುಸ್ತಕ ಮಾರಾಟಕ್ಕಿದೆ.

ಮೈಸೂರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಪ್ರೆಸ್ಸಲ್ಲೇ 100 ಪ್ರತಿ ಹಾಕಿಸಿದಳು. ನಡುವೆ ಪಿನ್ ಹೊಡೆಯೋ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು ಅಂತ ಪ್ರೆಸ್ಸಿನವರು ಹೇಳಿದ ಮೇಲೆ, 22 ಪುಟದ ಕಥೆಗೆ ಒಂದು ಮಳೆ ರಾತ್ರಿಯ ಎರಡು ಪುಟ ಸೇರಿಸಿದಳು. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅವೇ ಚೆನ್ನಾಗಿವೆ. ಅವಳಿಗೆ ಇನ್ನೂ ಹೇಳಿಲ್ಲ.

ಇಷ್ಟಾಗಿದ್ದರೆ ಹವ್ಯಾಸ ಅಂತ ಎಲ್ಲರೂ ಸುಮ್ಮನಿರ್ತಿದ್ದರು. ದೀಪಾವಳಿಗೆ ಊರಿಗೆ ಬಂದವಳು, "ಒಂದು ವರ್ಷ ಕೆಲಸ ಬಿಟ್ಟು ಇದನ್ನೇ ಮಾಡ್ತೀನಿ ಅಪ್ಪ" ಅಂದಳು. ಭಾವ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಬೇಡ ಅನ್ನಲಿಲ್ಲ, ಆಯ್ತು ಅಂತಲೂ ಅನ್ನಲಿಲ್ಲ. "ನೆಂಟರು ಬೇಡ, ನಿನ್ನ ಫ್ರೆಂಡ್ಸೂ ಬೇಡ. ಗುರುತಿಲ್ಲದೋರು ಐವತ್ತು ಜನ ದುಡ್ಡು ಕೊಟ್ಟು ನಿನ್ನ ಪುಸ್ತಕ ತಗೊಳ್ಳಲಿ. ಆಮೇಲೆ ಮಾತಾಡೋಣ" ಅಂದರು. ಲೋನ್ ಕೇಳೋಕೆ ಬಂದವರಿಗೆ ಹೇಳ್ತಿದ್ದ ಧಾಟಿಯಲ್ಲೇ. ಅವಳು ಆ ಮಾತನ್ನ ಹಿಡಿದುಕೊಂಡು, ಗೆಳತಿಯ ಜೊತೆ ಹಂಚಿಕೊಂಡು, ಬೆಂಗಳೂರು ಕಾಮಿಕ್ ಕಾನ್‌ನಲ್ಲಿ ಒಂದು ಟೇಬಲ್ ಹಿಡಿದಳು.

ಹೀಗೆ 2025ರ ಜನವರಿ, ಸಂಕ್ರಾಂತಿ ಕಳೆದ ವಾರಾಂತ್ಯ, ನಾವು ನಾಲ್ಕು ಜನ ಮೈಸೂರಿನಿಂದ ರೈಲು ಹತ್ತಿದೆವು. ಅಜ್ಜಿ, ಅಕ್ಕ, ಭಾವ, ನಾನು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ವೈಟ್‌ಫೀಲ್ಡ್ ಕಡೆಗೆ. ಅರ್ಧ ದಾರಿಯಲ್ಲಿ ಬೆನ್ನ ಮೇಲೆ ರಟ್ಟಿನ ರೆಕ್ಕೆ ಕಟ್ಟಿಕೊಂಡ ಹುಡುಗನೊಬ್ಬ ಹತ್ತಿದ. ಅಜ್ಜಿ ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು, "ಹಗಲುವೇಷದೋರು ಮೆಟ್ರೊದಲ್ಲೂ ಬರ್ತಾರೇನೇ?" ಅಂದರು. ಕೆಟಿಪಿಒ ಬಾಗಿಲಲ್ಲಿ ಅಂಥವರು ನೂರಾರು. ಭಾವ ಫೋನ್ ತೆಗೆದು ಎಲ್ಲರ ಫೋಟೊ ಹೊಡೆಯೋಕೆ ಶುರು ಮಾಡಿದರು. ಕೇಳದೆ ತೆಗೀಬಾರದು ಅಂತ ಅಲ್ಲಿನ ಮಕ್ಕಳೇ ಮೆತ್ತಗೆ ಹೇಳಿಕೊಟ್ಟರು. ಇದು ಬರೀ ಮರ್ಯಾದೆಯ ಮಾತಲ್ಲ. ವೇಷ ಹಾಕಿದಾರೆ ಅಂದ ಮಾತ್ರಕ್ಕೆ ಮುಟ್ಟೋದಕ್ಕೆ, ಫೋಟೊ ತೆಗೆಯೋದಕ್ಕೆ ಒಪ್ಪಿದಾರೆ ಅಂತಲ್ಲ ಅನ್ನೋ ಬೋರ್ಡನ್ನ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು 2014ರಲ್ಲಿ ಬಾಗಿಲಲ್ಲೇ ನಿಲ್ಲಿಸಿದರು. ಈಗ ಅದು ಇಂಥ ಜಾತ್ರೆಗಳ ಮೂಲ ಪಾಠ. ಕೇಳಿದರೆ ಮಾತ್ರ ಎಲ್ಲರೂ ಖುಷಿಯಿಂದ ನಿಲ್ತಾರೆ. ಭಾವನ ಫೋನಲ್ಲಿ ಈಗ ಆರು ಸ್ಪೈಡರ್‌ಮ್ಯಾನ್ ಇದ್ದಾರೆ.

ಇದೆಲ್ಲ ಮೊನ್ನೆ ಮೊನ್ನೆ ಮಕ್ಕಳು ಹುಟ್ಟುಹಾಕಿದ ಹುಚ್ಚು ಅಂದುಕೊಂಡಿದ್ದರೆ, ಅಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ, ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಅನ್ನೋ ಇಬ್ಬರು ಭವಿಷ್ಯ ಕಾಲದ ಬಟ್ಟೆ ಹಾಕಿಕೊಂಡು ಬಂದಿದ್ದರು. ಎರಡನ್ನೂ ಹೊಲಿದವರು ಮಿರ್ಟಲ್. ಟೋಕಿಯೊದಲ್ಲಿ 1975ರಲ್ಲಿ ಶುರುವಾದ ಕಾಮಿಕೆಟ್‌ಗೆ ಮೊದಲ ಸಲ ತಮ್ಮದೇ ಪುಸ್ತಕ ಅಚ್ಚು ಹಾಕಿಸಿಕೊಂಡು ಬಂದಿದ್ದು 32 ಗುಂಪುಗಳು. ಈಗ ಅಲ್ಲಿಗೆ ಲಕ್ಷಗಟ್ಟಲೆ ಜನ ಬರ್ತಾರೆ.

ಭಾವನಿಗೆ ಇದ್ಯಾವುದೂ ನಾಟಲಿಲ್ಲ. ನಾಟಿದ್ದು ಇನ್ನೊಂದು. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಕಾಮಿಕ್ ಕಾನ್ ನಡೆದಾಗ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿದ್ದು ಅವರಿಗೆ. ಅದಾದ ಐದೇ ದಿನಕ್ಕೆ ತೀರಿಕೊಂಡರು. ಇನ್ನೂ ಒಂದಿದೆ. ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿ ಶುರುವಾಗೋದು 'ಕೃಷ್ಣ'ನಿಂದ, ಅದರ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಅಂತ ಹುಡುಕಿದರೆ ಅವು ಕನ್ನಡದಲ್ಲಿವೆ. ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಬಂದ, ಹೊರದೇಶದ ಮಕ್ಕಳ ಕಥೆಗಳ ಪುಸ್ತಕಗಳು. ರೈಲಲ್ಲಿ ಇದನ್ನ ಹೇಳಿದಾಗ ಭಾವ ಕಿಟಕಿ ಕಡೆ ನೋಡ್ತಾ, "ಅಂದ್ರೆ ಶುರುವಾಗಿದ್ದು ಪುಸ್ತಕ ಮಾರೋನಿಂದ" ಅಂದರು. ಅವರ ತಲೆ ಓಡೋದೇ ಹಾಗೆ.

ಒಳಗೆ ಹೋದರೆ ದೊಡ್ಡ ಕಂಪನಿಗಳ ಮಳಿಗೆ, ಗೇಮ್ ಸ್ಕ್ರೀನುಗಳು, ಮೈಕಿನ ಗಲಾಟೆ. ಒಂದು ಕಡೆ ಸಾಲು ಸಾಲು ಟೇಬಲ್, ಪ್ರತಿ ಟೇಬಲ್ ಹಿಂದೆ ನಿದ್ದೆಗೆಟ್ಟ ಕಣ್ಣಿನ ಒಬ್ಬ ಹುಡುಗ ಅಥವಾ ಹುಡುಗಿ. ನಮ್ಮ ಹುಡುಗಿಯ ಟೇಬಲ್ ಮೇಲೆ ಒಂದು ಕಡೆ ಸ್ಟಿಕ್ಕರ್, ಕೀಚೈನ್, ಎಲ್ಲರಿಗೂ ಗೊತ್ತಿರೋ ಜಪಾನಿ ಪಾತ್ರಗಳ ಚಿತ್ರಗಳು. ಇನ್ನೊಂದು ಕಡೆ 150 ರೂಪಾಯಿಯ 'ನಾಳೆ ಬಾ'. ಜನ ಬಂದು ಸ್ಟಿಕ್ಕರ್ ತಿರುವಿ ಹಾಕಿ, ಎರಡು ಆರಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೋಗೋರು. ಪುಸ್ತಕದ ಮುಖಪುಟ ನೋಡಿ ನಗೋರು, ಇಟ್ಟು ಹೋಗೋರು. ಶನಿವಾರ ಮಧ್ಯಾಹ್ನ ಮೂರಕ್ಕೆ ಮಾರಿದ್ದು ನಾಲ್ಕು ಪ್ರತಿ.

ಆಗ ಭಾವ ನನ್ನನ್ನ ಕಂಬದ ಮರೆಗೆ ಕರೆದರು. ಜೇಬಿನಿಂದ ಮೂರು ಸಾವಿರ ತೆಗೆದು ಕೈಗಿಟ್ಟು, "ನೋಡಮ್ಮ, ಇಲ್ಲಿ ಓಡಾಡೋ ಹುಡುಗ್ರಿಗೆ ಯಾರಿಗಾದ್ರೂ ಕೊಟ್ಟು, ಒಂದೊಂದು ತಗೊಳ್ಳಕ್ಕೆ ಹೇಳು. ಅವಳಿಗೆ ಗೊತ್ತಾಗಬಾರದು" ಅಂದರು. ಐವತ್ತು ಜನ ಹೊರಗಿನವರು ಬೇಕು ಅಂತ ಷರತ್ತು ಹಾಕಿದ ಮನುಷ್ಯ ಇವರೇ. ಇಪ್ಪತ್ತು ಪ್ರತಿಯ ದುಡ್ಡು ಹಿಡಿದು ನಿಂತಿರೋದೂ ಇವರೇ.

ನಾನು ವಾಪಸ್ ಕೊಟ್ಟೆ. "ಭಾವ, ಇದು ಮುಯ್ಯಿ ಆಗುತ್ತೆ" ಅಂದೆ.

ಮದುವೆಮನೆಯ ಮುಯ್ಯಿ ಬೇಡ ಅಂತಲ್ಲ. ಅದು ಸಂಬಂಧದ ಲೆಕ್ಕ, ಇವತ್ತು ನೀವು, ನಾಳೆ ನಾವು. ಆದರೆ ಕನ್ನಡದಲ್ಲಿ ಪುಸ್ತಕ ಮಾಡಿದ ಎಷ್ಟೋ ಜನರ ಮೊದಲ ಮಾರಾಟವೆಲ್ಲ ಮುಯ್ಯಿಯೇ. ಬಿಡುಗಡೆ ಸಮಾರಂಭ, ಶಾಲು, ಹಾರ, ನೆಂಟರು ತಲಾ ಎರಡು ಪ್ರತಿ, ಆಮೇಲೆ ಆ ಪ್ರತಿಗಳು ಶೋಕೇಸಿನಲ್ಲಿ ಗಣೇಶನ ಪಕ್ಕ. ಬರೆದವರಿಗೆ ಮಾತ್ರ ತಮ್ಮ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅಂತ ಕೊನೆವರೆಗೂ ಗೊತ್ತಾಗಲ್ಲ. ಇಲ್ಲಿ ಈ ಟೇಬಲ್ ಹತ್ತಿರ ಬರೋರಿಗೆ ಇವಳು ಯಾರ ಮಗಳು ಅಂತ ಗೊತ್ತಿಲ್ಲ, ದಾಕ್ಷಿಣ್ಯ ಇಲ್ಲ. ಇಟ್ಟು ಹೋದರೆ ಇಟ್ಟು ಹೋದರು. ಅವಳು ಬಾಡಿಗೆ ಕೊಟ್ಟಿರೋದೇ ಆ ಉತ್ತರಕ್ಕೆ. ಅದರ ನಡುವೆ ನಾವು ಕಳ್ಳ ನೋಟು ಸೇರಿಸೋದು ಯಾಕೆ?

ಭಾವ ದುಡ್ಡು ಜೇಬಿಗಿಟ್ಟುಕೊಂಡರು. ಮುಖ ಮಾತ್ರ ಚಿಕ್ಕದಾಯ್ತು.

ಹಾಗಾದರೆ ಮನೆಯವರು ಮಾಡೋದೇನು? ಕೆಲಸ. ಟೇಬಲ್ ಎದುರು ನಿಲ್ಲಬೇಡಿ, ನೀವು ನಿಂತರೆ ಬರೋರು ಹಿಂದೆ ಸರೀತಾರೆ. "ನಮ್ ಹುಡುಗಿಯೇ ಬರ್ದಿದ್ದು" ಅಂತ ಕೊಳ್ಳೋರ ಮೇಲೆ ಭಾರ ಹಾಕಬೇಡಿ. ಪಕ್ಕದ ಟೇಬಲಲ್ಲಿ ಎಷ್ಟು ಹೋಯ್ತು ಅಂತ ಜೋರಾಗಿ ಕೇಳಲೇಬೇಡಿ. ಅವಳು ಬೆಳಗ್ಗೆಯಿಂದ ಬಾತ್‌ರೂಮಿಗೆ ಹೋಗಿಲ್ಲ ಅನ್ನೋದು ಗೊತ್ತಾಗಿದ್ದು ಅಕ್ಕನಿಗೆ. ಎಬ್ಬಿಸಿ ಕಳಿಸಿ ತಾನು ಕೂತಳು. ಸಾವಿರಾರು ಜನ ಒಂದೇ ಸಲ ಫೋನ್ ಹಿಡಿದಾಗ ಯುಪಿಐ ಸುತ್ತುತ್ತಲೇ ಇರುತ್ತೆ, ಆಗ ನೋಟು ಕೊಡ್ತಾರೆ, ಚಿಲ್ಲರೆ ಇರಲ್ಲ. ಭಾವ ಹೊರಗೆ ಹೋಗಿ ಟೀ ಅಂಗಡಿ, ಹಣ್ಣಿನ ಗಾಡಿ ಅಂತ ಅಲೆದು ಆ ಮೂರು ಸಾವಿರಕ್ಕೆ ಐವತ್ತರ, ನೂರರ ನೋಟು ಮಾಡಿಸಿಕೊಂಡು ಬಂದರು. ದುಡ್ಡು ಕೊನೆಗೂ ಉಪಯೋಗಕ್ಕೆ ಬಂತು. ಅಷ್ಟೇ ಅಲ್ಲ, ನೋಟುಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕಿ, ಪಕ್ಕದ ನಾಲ್ಕು ಟೇಬಲ್ಲಿಗೂ ಚಿಲ್ಲರೆ ಕೊಡೋ ಕೌಂಟರ್ ತೆರೆದುಬಿಟ್ಟರು. ಆ ಮಕ್ಕಳೆಲ್ಲ "ಅಂಕಲ್, ಐನೂರಕ್ಕೆ" ಅಂತ ಬರೋರು. ರಿಟೈರ್ ಆದ ಮೇಲೆ ಅವರನ್ನ ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಭಾನುವಾರ ಬೆಳಗ್ಗೆ ಆಗಿದ್ದು ನಾವು ಯಾರೂ ಎಣಿಸಿರದ ಸಂಗತಿ. ಅಜ್ಜಿ ಟೇಬಲ್ ಹಿಂದಿನ ಕುರ್ಚಿಯಲ್ಲಿ ಕೂತು, ಉಳಿದ ಎಳ್ಳುಬೆಲ್ಲದ ಡಬ್ಬಿ ಮಡಿಲಲ್ಲಿಟ್ಟುಕೊಂಡಿದ್ದರು. ಇಬ್ಬರು ಹುಡುಗರು ಪುಸ್ತಕ ತಿರುವಿ, ಅಚ್ಚ ಬೆಂಗಳೂರು ಕನ್ನಡದಲ್ಲಿ, "ಸಖತ್ತಾಗಿದೆ ಗುರು, ಆದ್ರೆ ನಂಗೆ ಓದಕ್ಕೆ ಬರಲ್ಲ" ಅಂದರು. ಮಾತಾಡೋದು ಕನ್ನಡ, ಅಕ್ಷರ ಗೊತ್ತಿಲ್ಲ. ಶನಿವಾರ ಇಟ್ಟು ಹೋದವರಲ್ಲಿ ಅರ್ಧ ಜನ ಇಂಥವರೇ ಇರಬೇಕು ಅಂತ ನಮಗೆ ಆಗ ಹೊಳೀತು. ಚಿತ್ರ ಇಷ್ಟ ಆಗಿತ್ತು, ಭಾಷೆ ಇಷ್ಟ ಆಗಿತ್ತು, ಲಿಪಿ ಅಡ್ಡ ಬಂದಿತ್ತು.

ಅಜ್ಜಿ ಕನ್ನಡಕ ಏರಿಸಿ, "ಕೊಡಪ್ಪ ಇಲ್ಲಿ" ಅಂತ ಪುಸ್ತಕ ಇಸಿದುಕೊಂಡು ಓದೋಕೆ ಶುರು ಮಾಡಿದರು. ದೆವ್ವಕ್ಕೆ ಒಂದು ದನಿ, ಬಾಗಿಲ ಹಿಂದಿನ ಗೃಹಸ್ಥನಿಗೆ ಒಂದು ದನಿ. ನಾಲ್ಕನೇ ಪುಟಕ್ಕೆ ಹೊತ್ತಿಗೆ ಏಳು ಜನ ನಿಂತಿದ್ದರು, ಅದರಲ್ಲಿ ಒಬ್ಬಳು ನೀಲಿ ಕೂದಲಿನ ಯೋಧೆ, ಕೈಯಲ್ಲಿ ಅವಳಿಗಿಂತ ಉದ್ದದ ಕತ್ತಿ. ಆರನೇ ಪುಟಕ್ಕೆ ಅಜ್ಜಿ ಪುಸ್ತಕ ಮುಚ್ಚಿ, "ಮುಂದಿಂದು ನಾಳೆ ಬಾ" ಅಂದರು. ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಏಳು ಜನರಲ್ಲಿ ನಾಲ್ವರು ಕೊಂಡರು. ಒಬ್ಬ ಹುಡುಗ, "ಅಮ್ಮಂಗೆ ಬರುತ್ತೆ, ಅಮ್ಮನ ಕೈಲಿ ಓದಿಸ್ತೀನಿ" ಅಂದ.

ಮಧ್ಯಾಹ್ನದವರೆಗೆ ಅಜ್ಜಿ ಎಂಟು ಸಲ ಓದಿದರು, ಗಂಟಲು ಕಟ್ಟಿತು. ನಮ್ಮ ಹುಡುಗಿ ಅಷ್ಟೂ ಹೊತ್ತು ಅಜ್ಜಿಯನ್ನಲ್ಲ, ಕೇಳ್ತಿದ್ದವರ ಮುಖ ನೋಡ್ತಿದ್ದಳು. ಎಲ್ಲಿ ನಗ್ತಾರೆ, ಎಲ್ಲಿ ಫೋನ್ ತೆಗೀತಾರೆ ಅಂತ. ಒಂದು ಪುಟದಲ್ಲಿ ಪ್ರತಿ ಸಲವೂ ಎಲ್ಲರೂ ಆಚೀಚೆ ನೋಡೋರು. ಅದರ ಮೂಲೆಗೆ ಪೆನ್ಸಿಲ್‌ನಲ್ಲಿ ಒಂದು ಅಡ್ಡಗೀಟು ಎಳೆದಿಟ್ಟಳು.

ಸಂಜೆ ಎಣಿಸಿದರೆ 41. ಐವತ್ತಲ್ಲ. ಸ್ಟಿಕ್ಕರ್ ಖಾಲಿಯಾಗಿದ್ದಕ್ಕೆ ಅಚ್ಚಿನ ಖರ್ಚು ಹುಟ್ಟಿತು, ಟೇಬಲ್ ಬಾಡಿಗೆಯಲ್ಲಿ ಅರ್ಧ ಕೈಯಿಂದ ಹೋಯ್ತು. ಎರಡು ವರ್ಷದ ರಾತ್ರಿಗಳನ್ನ ಭಾವ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯೋ ಹಾಗೂ ಇರಲಿಲ್ಲ.

ವಾಪಸ್ ರೈಲಲ್ಲಿ ಉಳಿದ 59 ಪ್ರತಿಯ ರಟ್ಟಿನ ಪೆಟ್ಟಿಗೆ ಸೀಟಿನ ಕೆಳಗೆ, ಅಜ್ಜಿ ಮೇಲೆ ಮಲಗಿದ್ದರು. ಎರಡು ದಿನ ರಜೆ ಹಾಕಿ ಅವಳೂ ನಮ್ಮ ಜೊತೆ ಬಂದಿದ್ದಳು. ರಾಮನಗರ ದಾಟೋವರೆಗೆ ಅಪ್ಪ ಮಗಳು ಇಬ್ಬರೂ ಆ ಐವತ್ತರ ಮಾತೆತ್ತಲಿಲ್ಲ. ಆಮೇಲೆ ಭಾವನೇ ಕೇಳಿದರು.

"ಎರಡನೇ ಭಾಗ ಯಾವಾಗ ಅಂತ ಆ ಹುಡುಗ್ರು ಕೇಳ್ತಿದ್ರಲ್ಲ, ಏನ್ ಹೇಳ್ದೆ?"

"ಏನೂ ಹೇಳಿಲ್ಲಪ್ಪ. ಕೆಲಸದಲ್ಲಿದ್ರೆ ಒಂದೂವರೆ ವರ್ಷ ಆಗುತ್ತೆ. ಬಿಟ್ರೆ ಆರು ತಿಂಗಳು."

ಭಾವ ಜೇಬಿನ ಡೈರಿ ತೆಗೆದು ಎರಡನ್ನೂ ಬರ್ಕೊಂಡರು. ಅದರ ಕೆಳಗೆ, ಅಜ್ಜಿಗೆ ರೈಲು ಚಾರ್ಜು, ಗಂಟಲಿಗೆ ಕಷಾಯ ಅಂತ ಇನ್ನೊಂದು ಸಾಲು.