ಮುಖದ ನೋವು, ಮನಸ್ಸಿನ ಬೇಗೆ

ಹಲ್ಲುನೋವೆಂದು ಹಲ್ಲು ಕೀಳಿಸಿದ ಮೇಲೂ ಕೆನ್ನೆಗೆ ಕರೆಂಟ್ ಹೊಡೆದಂತೆ ನೋವು ಬರುತ್ತಿದೆಯೇ? ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ನರದ ನೋವು ಆಗಿರಬಹುದು. 50 ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚು. ಒಂದೊಂದು ಸಲದ ನೋವು ಕೆಲವು ಸೆಕೆಂಡುಗಳಿಂದ 2 ನಿಮಿಷ ಮಾತ್ರ. ಆದರೆ ಮಾತನಾಡಿದರೆ, ಅಗಿದರೆ, ಮುಖ ತೊಳೆದರೆ ಮತ್ತೆ ಬಂದೀತೆಂಬ ಭಯ ದಿನವಿಡೀ ಕಾಡುತ್ತದೆ. ಊಟ, ಮಾತು ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ಕ್ರಮೇಣ ಖಿನ್ನತೆ ಆವರಿಸಬಹುದು. ಖಿನ್ನತೆಯಿದ್ದರೆ ನೋವು ತಾಳುವ ಶಕ್ತಿಯೂ ಕುಗ್ಗುತ್ತದೆ. ಗಾಯ ಕಾಣುವುದಿಲ್ಲವೆಂದು ಮನೆಯವರು ಇದನ್ನು ನಾಟಕವೆನ್ನಬಾರದು. ನರರೋಗ ತಜ್ಞರು ಸಾಮಾನ್ಯವಾಗಿ ಮೊದಲು ಕೊಡುವುದು ಕಾರ್ಬಮಜೆಪೈನ್ ಮಾತ್ರೆ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ಬದುಕೇ ಬೇಡವೆನಿಸಿದರೆ ಮುಚ್ಚಿಡಬೇಡಿ ಸಹೋದರಿ. ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಉಚಿತ ಕರೆ ಮಾಡಿ.