ಅಳಿಸೋ ಬಟನ್‌ಗಳು

ಯಲಹಂಕ ಉಪನಗರದ ನಮ್ಮ ಬೀದಿಲಿ ಈಗ ಎಲ್ಲಾ ಮಾತೂ ವಾಟ್ಸಾಪ್ ಗ್ರೂಪಲ್ಲೇ. ಕಾವೇರಿ ನೀರು ಎಷ್ಟೊತ್ತಿಗೆ, ಕಸದ ಗಾಡಿ ಬಂತಾ, ಕರೆಂಟ್ ನಿಮ್ಮನೇಲೂ ಹೋಯ್ತಾ, ಎಲ್ಲಾ ಅಲ್ಲೇ. ಎಪ್ಪತ್ತು ದಾಟಿದ ಅಜ್ಜಿಯರೂ ಇದಾರೆ, ಚೆನ್ನಾಗೇ ಬಳಸ್ತಾರೆ. ಅವರನ್ನ ಕಂಗೆಡಿಸೋದು ಮೆಸೇಜ್ ಅಲ್ಲ, ಮೆಸೇಜ್ ತೆಗೆಯೋಕೆ ಹೋದಾಗ ಫೋನು ಮುಂದಿಡೋ ಮೂರು ಬಟನ್‌ಗಳು: ‘ಡಿಲೀಟ್ ಫಾರ್ ಎವ್ರಿಒನ್’, ‘ಡಿಲೀಟ್ ಫಾರ್ ಮಿ’, ‘ಕ್ಯಾನ್ಸಲ್’.

ಒಬ್ಬರು ಮಗನಿಗೆ ಕಳಿಸಬೇಕಾದ ಆಧಾರ್ ಕಾರ್ಡಿನ ಫೋಟೋನ ಗ್ರೂಪಿಗೆ ಹಾಕಿಬಿಟ್ರು ಅಂತ ಇಟ್ಕೊಳ್ಳಿ. ಗಾಬರೀಲಿ ಮೂರರಲ್ಲಿ ಯಾವುದನ್ನ ಒತ್ತಬೇಕು? ‘ಫಾರ್ ಎವ್ರಿಒನ್’ ಅಂದ್ರೆ ಎಲ್ಲರ ಮೆಸೇಜೂ ಹೋಗಿಬಿಡತ್ತೇನೋ ಅಂತ ಭಯ. ‘ಫಾರ್ ಮಿ’ ಅಂದ್ರೆ ನಮ್ಮ ಮಾತಲ್ಲಿ ‘ನನಗೋಸ್ಕರ’. ‘ನನಗೋಸ್ಕರ ಒಂಚೂರು ಅಳಿಸಪ್ಪಾ’ ಅಂದಂಗೆ ಕೇಳತ್ತೆ, ಬೇಕಾಗಿರೋದೂ ಅದೇ ತಾನೇ? ಅದನ್ನೇ ಒತ್ತುತಾರೆ. ಫೋಟೋ ಮಾಯ, ಮನಸ್ಸಿಗೆ ನೆಮ್ಮದಿ. ಆದ್ರೆ ಹೋಗಿದ್ದು ಅವರ ಫೋನಿಂದ ಮಾತ್ರ. ನಮ್ಮನೆ ಮುಂದಿನ ರಂಗೋಲಿ ಅಳಿಸಿದ್ರೆ ಪಕ್ಕದ ಮನೇದು ಅಳಿಯತ್ತಾ? ಬೀದಿಯವರೆಲ್ಲರ ಫೋನಲ್ಲೂ ಆಧಾರ್ ನಂಬರ್ ಹಾಗೇ ಕೂತಿರತ್ತೆ, ಗೊತ್ತಿಲ್ಲದಿರೋದು ಕಳಿಸಿದವರಿಗೊಬ್ಬರಿಗೇ.

ಇನ್ನು ‘ಕ್ಯಾನ್ಸಲ್’. ನಾವು ರೈಲ್ ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀವಿ, ಛತ್ರದ ಬುಕಿಂಗ್ ಕ್ಯಾನ್ಸಲ್ ಮಾಡ್ತೀವಿ. ಅಂದ್ರೆ ಆಗಿದ್ದನ್ನ ಇಲ್ಲ ಅನ್ನಿಸೋದು. ಕಳಿಸಿದ ಫೋಟೋ ಕ್ಯಾನ್ಸಲ್ ಆಗಲಿ ಅಂತ ಅದನ್ನ ಒತ್ತಿದ್ರೆ, ಕ್ಯಾನ್ಸಲ್ ಆಗೋದು ಅಳಿಸೋ ಕೆಲಸ! ಮೂರೂ ಬಟನ್ ‘ಬೇಡ’ ಅಂತಲೇ ಹೇಳ್ತವೆ, ಯಾರಿಗೆ ಏನು ಬೇಡ ಅನ್ನೋದನ್ನ ಮಾತ್ರ ಹೇಳಲ್ಲ.

ಕನ್ನಡಕ್ಕೆ ಪದಕ್ಕೆ ಪದ ಇಳಿಸಿದ್ರೂ ಕಷ್ಟ ತಪ್ಪಲ್ಲ. ‘ಅಳಿಸು’ ಅಂದ್ರೆ ಒರೆಸಿ ಹಾಕೋದೂ ಹೌದು, ಮಗೂನ ಅಳೋ ಹಾಗೆ ಮಾಡೋದೂ ಹೌದು. ‘ಎಲ್ಲರಿಗಾಗಿ ಅಳಿಸಿ’ ಅಂತ ಓದಿದ್ರೆ ನಗಬೇಕೋ ಅಳಬೇಕೋ ತಿಳಿಯಲ್ಲ.

‘ವಯಸ್ಸಾದವರಿಗೆ ಫೋನ್ ಬರಲ್ಲ ಬಿಡಿ’ ಅನ್ನೋವ್ರು ಇದನ್ನ ಕೇಳಿ. ಎಲ್ಲರ ಫೋನಿಂದ ತೆಗೆಯೋ ಸೌಲಭ್ಯ ಬಂದಿದ್ದು 2017ರಲ್ಲಿ. ಆಗ 7 ನಿಮಿಷದೊಳಗೆ ತೆಗೀಬೇಕಿತ್ತು, 2022ರಲ್ಲಿ ಎರಡು ದಿನ ದಾಟಿ ಸಮಯ ಕೊಟ್ರು. ಅದೇ ವರ್ಷ ಡಿಸೆಂಬರಲ್ಲಿ, ತಪ್ಪಿ ‘ಫಾರ್ ಮಿ’ ಒತ್ತಿದವರಿಗೆ ಅಂತಲೇ ‘ಅನ್‌ಡೂ’ ಸೇರಿಸಿದ್ರು, ಅದೂ 5 ಸೆಕೆಂಡಿಗೆ. ಪ್ರಪಂಚದ ತುಂಬಾ ಜನ ಎಡವದೇ ಇದ್ದಿದ್ರೆ ಕಂಪನಿ ಇದನ್ನ ತರ್ತಿತ್ತಾ? ಎಲ್ಲರೂ ಒಂದೇ ಮೆಟ್ಟಿಲಲ್ಲಿ ಎಡವಿದ್ರೆ ಸರಿಮಾಡಬೇಕಾದ್ದು ಮೆಟ್ಟಿಲನ್ನ, ಕಾಲನ್ನಲ್ಲ. ಮತ್ತೆ ಆ 5 ಸೆಕೆಂಡಲ್ಲಿ ಅಜ್ಜಿ ಕನ್ನಡಕ ಹುಡುಕೋದೂ ಮುಗಿದಿರಲ್ಲ.

ಬಟನ್ ಮೇಲೆ ಆಗೋ ಕೆಲಸ ಬರೀರಿ, ಅಷ್ಟೇ. ‘ಎಲ್ಲರ ಫೋನಿಂದ ತೆಗೀರಿ’. ‘ನನ್ನ ಫೋನಿಂದ ಮಾತ್ರ ತೆಗೀರಿ’. ‘ಹಾಗೇ ಇರ್ಲಿ’. ಇದನ್ನ ಓದಿ ಯಾರಾದ್ರೂ ಕಂಗೆಡ್ತಾರಾ? ಇಂಥ ಮಾತು ನಿಘಂಟಲ್ಲಿ ಹುಡುಕೋದಲ್ಲ, ಅಡುಗೆಮನೇಲಿ ನಿಂತು ಕೇಳಿಸ್ಕೊಳ್ಳೋದು.

ಅವರು ಬದಲಾಯಿಸೋವರೆಗೆ ನಾವು ಮಾಡಬಹುದಾದ್ದು ಎರಡಿದೆ. ಮನೆಯ ಹಿರಿಯರಿಗೆ ‘ಎವ್ರಿಒನ್ ಅಂದ್ರೆ ಎಲ್ಲರ ಫೋನಿಂದ ಆ ಒಂದು ಮೆಸೇಜ್ ಮಾತ್ರ ಹೋಗತ್ತೆ, ಬೇರೇದೇನೂ ಹೋಗಲ್ಲ’ ಅಂತ ಹೇಳಿಕೊಡಿ. ಗ್ರೂಪಿನ ಅಡ್ಮಿನ್ ಯಾರ ಮೆಸೇಜನ್ನಾದ್ರೂ ಎಲ್ಲರ ಫೋನಿಂದ ತೆಗೀಬಹುದು, ಅವರಿಗೆ ಫೋನ್ ಮಾಡೋಕೆ ಸಂಕೋಚ ಬೇಡ ಅಂತಾನೂ ಹೇಳಿ. ಅಷ್ಟರಲ್ಲಿ ಯಾರಾದ್ರೂ ಉಳಿಸಿಕೊಂಡಿದ್ರೆ ಅದನ್ನ ಯಾವ ಬಟನ್ನೂ ತೆಗೆಯಲ್ಲ. ಅದಕ್ಕೇ ಬೈಯೋ ಭಯಕ್ಕೆ ಮುಚ್ಚಿಟ್ಟುಕೊಳ್ಳದೆ, ಮೊದಲು ನಮಗೇ ಹೇಳೋ ಧೈರ್ಯ ಅವರಿಗಿರಬೇಕು. ಆ ಧೈರ್ಯ ಕೊಡೋದು ನಮ್ಮ ಕೈಲಿದೆ.