ಬಸುರಿಯ ಕೈಯ ಮೊಬೈಲು

ಹೊಟ್ಟೆಯಲ್ಲಿ ಮಗುವಿರುವಾಗ ಮೊಬೈಲ್ ಮುಟ್ಟಬಾರದು, ಅದರ ಅಲೆಗಳು ಶಿಶುವಿನ ಮಿದುಳನ್ನು ಕೆಡಿಸುತ್ತವೆ ಎಂಬ ಮಾತು ಪುಣೆಯ ನಮ್ಮ ಕನ್ನಡ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಈ ಅಂಜಿಕೆಯನ್ನು ನಾವು ಹಳಿಯಬೇಕಿಲ್ಲ. ಆದರೆ ತೂಗಿ ನೋಡಬೇಕು. ಏಕೆಂದರೆ ಅದರ ಬೆಲೆ ತೆರುವವಳು ಬಸುರಿಯೊಬ್ಬಳೇ.

ಅಂಜಿಕೆಗೆ ಆಧಾರವಿಲ್ಲದಿಲ್ಲ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್ ಮತ್ತು ಸಂಗಡಿಗರು ಗಬ್ಬದ ಇಲಿಗಳ ಪಂಜರದ ಮೇಲೆ ಕರೆಯಲ್ಲಿದ್ದ ಮೊಬೈಲನ್ನಿರಿಸಿ ಪರೀಕ್ಷಿಸಿದರು. ಹುಟ್ಟಿದ ಮರಿಗಳಲ್ಲಿ ಅತಿಚಟುವಟಿಕೆಯೂ ನೆನಪಿನ ಕುಂದೂ ಕಂಡುಬಂದವು. ಆದರೆ ಅಂಗೈಯಗಲದ ಇಲಿಯ ಒಡಲನ್ನು ಮನುಷ್ಯಗರ್ಭಕ್ಕೆ ಸಮವೆಂದು ಹಿಡಿಯಲಾಗದು. ಮನುಷ್ಯರ ನಡುವಿನ ಅಧ್ಯಯನಗಳು ಒಂದೇ ದನಿಯಲ್ಲಿ ನುಡಿಯುವುದಿಲ್ಲ. 2008ರಲ್ಲಿ ಡೆನ್ಮಾರ್ಕಿನ 13 ಸಾವಿರ ಮಕ್ಕಳ ಅಧ್ಯಯನವು, ತಾಯಿಯ ಮೊಬೈಲ್ ಬಳಕೆಗೂ ಮಕ್ಕಳ ವರ್ತನೆಯ ತೊಡಕಿಗೂ ನಂಟು ಕಂಡಿತು. ಕಾರಣ ಬೇರೆಯಿರಬಹುದೆಂದೂ ಎಚ್ಚರಿಸಿತು. 2017ರಲ್ಲಿ ಪ್ರಕಟವಾದ ನಾರ್ವೆಯ 45 ಸಾವಿರ ತಾಯಿಮಕ್ಕಳ ಅಧ್ಯಯನದಲ್ಲಿ ತಿರುಗುಮುರುಗಾಯಿತು: ಬಸಿರಿನಲ್ಲಿ ಹೆಚ್ಚು ಮೊಬೈಲ್ ಬಳಸಿದವರ ಮಕ್ಕಳಲ್ಲಿ ಮೂರನೆಯ ವರ್ಷದ ಭಾಷಾಹಿನ್ನಡೆ ಕಡಿಮೆಯಿತ್ತು. ಅದಕ್ಕೆ ಕಾರಣ ಅಲೆಗಳಲ್ಲ, ತಾಯಿ ಮಗುವಿನೊಡನೆ ಹೆಚ್ಚು ಒಡನಾಡುವುದಿರಬಹುದೆಂದು ಸಂಶೋಧಕರು ಊಹಿಸಿದರು.

ಹಾಗಾದರೆ ಎಚ್ಚರ ಬೇಡವೆ? ಬೇಕು. ಆದರೆ ಅದು ಅಗ್ಗದ ಎಚ್ಚರ: ದೂರ. ನಮ್ಮ ಜಿಲ್ಲೆಯದೇ ಖೋಡದಿನಲ್ಲಿ, 45 ಮೀಟರ್ ಅಗಲದ 30 ತಟ್ಟೆಗಳುಳ್ಳ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕದ ಬಳಿ ಮೊಬೈಲ್ ಆರಿಸಬೇಕಾಗುತ್ತದೆ. ಅದು ಮಿದುಳಿಗೆ ಹೆದರಿಯಲ್ಲ. ನಕ್ಷತ್ರಲೋಕದ ಕ್ಷೀಣ ಅಲೆಗಳನ್ನು ಹತ್ತಿರದ ಮೊಬೈಲು ಮುಳುಗಿಸಿಬಿಡುತ್ತದೆಂದು. ಹತ್ತಿರದ ಅಲೆ ಪ್ರಬಲ, ದೂರ ಸರಿದಂತೆ ಬೇಗನೆ ಕ್ಷೀಣ. ಈ ನಿಯಮ ಮನೆಯಲ್ಲಿಯೂ ಅದೇ. ಮೊಬೈಲನ್ನು ಹೊಟ್ಟೆಯ ಮೇಲಿಡದಿರುವುದು, ಸ್ಪೀಕರಿನಲ್ಲಿ ಮಾತಾಡುವುದು, ಸಿಗ್ನಲ್ ದುರ್ಬಲವಾದೆಡೆ ಮಾತು ಮೊಟಕುಗೊಳಿಸುವುದು, ಇಷ್ಟು ಸಾಕು. ಸಿಗ್ನಲ್ ಕುಗ್ಗಿದಾಗಲೇ ಫೋನು ತನ್ನ ಬಲವನ್ನು ಏರಿಸಿಕೊಳ್ಳುವುದು.

ಇದಕ್ಕೆ ಬದಲು ಮೊಬೈಲನ್ನೇ ಕಸಿದುಕೊಂಡರೆ ಏನಾಗುತ್ತದೆ? ವಿಜಯಪುರದಿಂದಲೋ ಕಲಬುರಗಿಯಿಂದಲೋ ಇಲ್ಲಿಗೆ ಬಂದ ಹೆಣ್ಣುಮಗಳಿಗೆ ಓಣಿಯ ಮಾತೇ ಬೇರೆ. ಅವ್ವನ ದನಿ ಕೇಳುವುದು ಆ ಫೋನಿನಲ್ಲಿಯೇ. ಚೊಚ್ಚಲ ಬಸಿರಿನ ಸಂಕಟವನ್ನು ಅವಳು ಇನ್ನಾರಿಗೆ ಹೇಳಬೇಕು? ಅಯೋಡಿನ್ ಕೊರತೆ ಶಿಶುವಿನ ಮಿದುಳನ್ನು ಕುಂಠಿಸುತ್ತದೆಂಬುದೂ, ಫೋಲಿಕ್ ಆಮ್ಲದ ಕೊರತೆ ನರನಾಳದ ದೋಷಕ್ಕೆ ದಾರಿಯೆಂಬುದೂ ಸಾಬೀತಾದ ಮಾತುಗಳು. ಅಡುಗೆಮನೆಯ ಉಪ್ಪನ್ನೂ ಮಾತ್ರೆಯ ಡಬ್ಬಿಯನ್ನೂ ವಿಚಾರಿಸದ ಹಿರಿಯರು ಮೊಬೈಲಿಗಷ್ಟೇ ಕಾವಲು ಕೂತರೆ ಅದು ಮಗುವಿನ ಮೇಲಣ ಕಾಳಜಿಯಲ್ಲ, ಸೊಸೆಯ ಮೇಲಣ ಹಿಡಿತ. ಫೋನನ್ನು ಒಂದು ಮೊಳ ಆಚೆಗಿಡೋಣ. ತವರಿನ ಮಾತನ್ನು ತಡೆಯದಿರೋಣ.